ಕುಮುದ ಆರಿಸಿದ ಪಿಸ್ತೂಲು

ನಮ್ಮೂರಿನಲ್ಲಿ ಯಾವ ವಸ್ತುವಿಗೂ ಒಂದೇ ತೂಕವಿಲ್ಲ. ತಕ್ಕಡಿಯಲ್ಲಿಟ್ಟರೆ ಒಂದು, ನನ್ನ ಕೈಗೆ ಒಂದು, ನಿಮ್ಮ ಕೈಗೆ ಇನ್ನೊಂದು. ತಕ್ಕಡಿಯದು ವ್ಯಾಪಾರಕ್ಕೆ, ಬಾಳುವೆಗೆ ಬೇಕಾದದ್ದು ಕೈತೂಕ. ನನ್ನ ಗಂಡ ಗವಿರಂಗಪ್ಪ ಮಂಡಿಪೇಟೆಯಲ್ಲಿ ಹಮಾಲರ ಮೇಸ್ತ್ರಿ. ಬೆಲ್ಲ ಯಾರ ಬೆನ್ನಿಗೆ ಹಗುರ, ಉಪ್ಪು ಯಾರ ಬೆನ್ನಿಗೆ ಹಗುರ ಎಂದು ಮುಖ ನೋಡಿಯೇ ಹೇಳಿ ಮೂಟೆ ಹೊರಿಸುತ್ತಾರೆ. ಮೆಣಸಿನಕಾಯಿ ಮೂಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಸಿಳ್ಳೆ ಹೊಡೆಯುತ್ತ ನಡೆಯುವ ಈ ಮಹಾಶಯರಿಗೆ ಮನೆಯ ಕುಕ್ಕರ್ ಎತ್ತಲು ಆಗುವುದಿಲ್ಲ. ಸೋಗಲ್ಲ, ನಿಜವಾಗಿಯೂ ಅದು ಒಲೆಯಿಂದ ಮೇಲೇಳುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಪರೀಕ್ಷೆ ಮಾಡಿಯೇ ನಂಬಿದೆ. ಊರಿನ ಅರ್ಧ ಗಂಡಸರಿಗೆ ಪೊರಕೆ ಭಾರ ಎನ್ನುವುದನ್ನು ಮಾತ್ರ ಇವತ್ತಿಗೂ ನಂಬಿಲ್ಲ.

ಹಾಗಾಗಿ ನಮ್ಮಲ್ಲಿ ಏನು ಕೊಳ್ಳುವುದಿದ್ದರೂ ಮೊದಲು ಕೈಯಲ್ಲಿ ಹಿಡಿದು ನೋಡುವುದು ಪದ್ಧತಿ. ಹಗುರವಾದರೆ ‘ಕೈ ಸೇರಿತು’ ಎಂದು ಮನೆಗೆ ತರುತ್ತೇವೆ, ಭಾರವಾದರೆ ಮರುಮಾತಿಲ್ಲದೆ ಇದ್ದಲ್ಲೇ ಇಟ್ಟು ಬರುತ್ತೇವೆ. ದರ್ಜಿ ಕತ್ತರಿಯನ್ನು ಹೀಗೇ ಆರಿಸುತ್ತಾನೆ, ಕ್ಷೌರಿಕ ಕತ್ತಿಯನ್ನು ಹೀಗೇ ಆರಿಸುತ್ತಾನೆ. ಸ್ಕೂಲಿನ ಮಕ್ಕಳು ಲೆಕ್ಕದ ಪುಸ್ತಕ ಭಾರ ಎಂದು ಅಳುತ್ತಾರೆ, ಮೇಷ್ಟರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೆಣಕ್ಕೆ ಹೆಗಲು ಕೊಡುವಾಗ ಮಾತ್ರ ಎಲ್ಲರಿಗೂ ಒಂದೇ ಭಾರವಂತೆ. ಇನ್ನೊಬ್ಬರ ಕೈಯಲ್ಲಿರುವುದನ್ನು ನೋಡಿ ‘ಭಾರವಾ?’ ಎಂದು ಕೇಳುವುದು ನಮ್ಮಲ್ಲಿ ಸಂಬಳ ಎಷ್ಟು ಎಂದು ಕೇಳುವುದಕ್ಕಿಂತ ಕೆಟ್ಟದ್ದು. ಹಾಗೆ ಕೇಳಿದವರ ಮನೆಯಲ್ಲಿ ನಾವು ಕಾಫಿ ಕೂಡ ಕುಡಿಯುವುದಿಲ್ಲ.

ನಾನು ಗವಿರಂಗಪ್ಪನವರ ಮನೆಗೆ ಎರಡನೆಯ ಸಂಬಂಧವಾಗಿ ಬಂದವಳು. ಮೊದಲನೆಯವರು ತೀರಿಕೊಂಡಿದ್ದರು. ಅವರ ಮಗಳು ಕುಮುದ ಆಗ ಇನ್ನೂ ಮಾತು ತೊದಲುವ ಕೂಸು. ಹೀಗೆ ಬಂದ ಹೆಂಗಸು ಹೊಸಿಲ ಮೇಲೆ ನಿಂತು ಎಲ್ಲರ ಮುಂದೆ ಮಗುವನ್ನು ಎತ್ತಿಕೊಳ್ಳಬೇಕು. ನೆಂಟರೆಲ್ಲ ಅವಳ ಮುಖ ನೋಡುತ್ತಾರೆ. ಮಗು ಹಗುರವಾಯಿತು ಎಂದು ಕಂಡರೆ ಅಲ್ಲೇ ಉಳಿಯುತ್ತದೆ, ಭಾರವಾಯಿತು ಎಂದು ಕಂಡರೆ ಯಾರ ಕೈಗೆ ಹಗುರವೋ ಅವರ ಮನೆಗೆ ಹೋಗುತ್ತದೆ. ಇದರಲ್ಲಿ ಜಗಳವಿಲ್ಲ, ಬೈಗುಳವಿಲ್ಲ. ಕೈ ಸೇರಲಿಲ್ಲ, ಅಷ್ಟೇ.

ನಾನು ಕುಮುದಳನ್ನು ಎತ್ತಿದೆ. ರುಬ್ಬುವ ಕಲ್ಲನ್ನು ಎತ್ತಿದಂತಾಯಿತು. ಪಕ್ಕದಲ್ಲಿ ನನ್ನ ನಾದಿನಿ ಪುಟ್ಟಗೌರಿ ಎರಡೂ ಕೈ ಚಾಚಿಕೊಂಡು ನಿಂತಿದ್ದರು. ಅವರಿಗೆ ಆ ಮಗು ಹತ್ತಿಯ ದಿಂಬಿನಷ್ಟು ಹಗುರ ಎಂದು ಇಡೀ ಬೀದಿಗೆ ಗೊತ್ತಿತ್ತು. ಕೊಟ್ಟುಬಿಡಬಹುದಿತ್ತು. ಅಷ್ಟರಲ್ಲಿ ಮಗು ನನ್ನ ಕೊರಳಿಗೆ ಕೈ ಹಾಕಿ ಕೆನ್ನೆಗೆ ಕೆನ್ನೆ ಒತ್ತಿತು. ನನಗೆ ಆ ಮಗು ಬೇಕು ಅನ್ನಿಸಿತು. ತೋಳು ಕಿತ್ತು ಬರುವಂತಿದ್ದರೂ ನಕ್ಕೆ. ನಗು ಚೆನ್ನಾಗಿಯೇ ಬಂದಿರಬೇಕು, ಮುಖ ನೋಡಿ ಮೂಟೆ ಹೊರಿಸುವ ನನ್ನ ಗಂಡನಿಗೂ ಗೊತ್ತಾಗಲಿಲ್ಲ.

ಇವತ್ತು ಹಗುರವಾಗುತ್ತಾಳೆ, ನಾಳೆ ಹಗುರವಾಗುತ್ತಾಳೆ ಎಂದು ಕಾದೆ. ಎಣ್ಣೆ ಹಚ್ಚಿ ನೀರೆರೆದೆ, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡು ಕೂತೆ, ಸ್ಕೂಲಿನ ಗೇಟಿನ ಮುಂದೆ ಅವಳಿಗಿಂತ ಹೆಚ್ಚು ಅತ್ತೆ. ಅವಳು ಹಗುರವಾಗಲೇ ಇಲ್ಲ. ಎತ್ತಿದ ಪ್ರತಿ ಸಲವೂ ಅದೇ ಕಲ್ಲು. ನಮ್ಮೂರಿನಲ್ಲಿ ಭಾರ ಎಂದರೆ ಬೇಡ ಎಂದೇ ಅರ್ಥ, ಬೇರೆ ಅರ್ಥ ಯಾರೂ ಕಲಿಸಿಲ್ಲ. ಅವಳು ನನಗೆ ಎಷ್ಟು ಬೇಕೋ ನನಗೇ ಗೊತ್ತು. ಆದರೆ ನನ್ನ ಕೈ ಬೇರೆಯದನ್ನೇ ಹೇಳುತ್ತಿತ್ತು. ಅವಳಿಗೆ ಇದು ಎಂದಾದರೂ ತಿಳಿದರೆ ನನ್ನ ಪ್ರೀತಿಯನ್ನೆಲ್ಲ ನಾಟಕ ಎಂದುಕೊಳ್ಳುತ್ತಾಳೆ ಎನ್ನುವ ಹೆದರಿಕೆ ನನ್ನನ್ನು ಬಿಡಲಿಲ್ಲ. ಅವಳು ದೊಡ್ಡವಳಾಗಿ ಎತ್ತಿಕೊಳ್ಳುವ ಕಾಲ ಮುಗಿದಾಗ ಎಲ್ಲ ತಾಯಂದಿರೂ ಬೇಜಾರು ಮಾಡಿಕೊಳ್ಳುತ್ತಾರಲ್ಲ, ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಕಾಲೇಜು ಸೇರಿದ ಮೇಲೆ ಕುಮುದಳಿಗೆ ಗುರಿ ಹೊಡೆಯುವ ಹುಚ್ಚು ಹಿಡಿಯಿತು. ಹಳೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ ಗುಡ್ಡವನ್ನೇ ಗೋಡೆ ಮಾಡಿಕೊಂಡು ಒಂದು ಶೂಟಿಂಗ್ ಕ್ಲಬ್ ಇದೆ. ಮೊದಲು ಗಾಳಿ ಪಿಸ್ತೂಲಿನಲ್ಲಿ ಹೊಡೆದಳು, ಆಮೇಲೆ ಕ್ಲಬ್ಬಿನ ನಿಜವಾದ ಪಿಸ್ತೂಲಿನಲ್ಲಿ. ಹತ್ತು ಜನ ಹಿಡಿದ ಪಿಸ್ತೂಲು ಯಾರ ಕೈಗೂ ಸರಿಯಾಗಿ ಸೇರುವುದಿಲ್ಲ, ಜಿಲ್ಲಾ ತಂಡದ ಆಯ್ಕೆ ನಡೆಯುವುದರೊಳಗೆ ನಿನ್ನದೇ ಒಂದು ತಗೋ ಎಂದು ಅಲ್ಲಿಯ ಗುರುಗಳು ಹೇಳಿದರು. ಪರವಾನಗಿಯೂ ಬಂತು. ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಹಗುರ ನೋಡಿ ತಗೊಳ್ಳಿ, ಅದರಲ್ಲಿ ಯೋಚನೆ ಮಾಡುವುದು ಏನಿದೆ ಎಂದು ಮೇಸ್ತ್ರಿಗಳು ತೀರ್ಪು ಕೊಟ್ಟು ಮಂಡಿಪೇಟೆಗೆ ಹೋದರು. ಪಕ್ಕದ ಮನೆಯಿಂದ ಪುಟ್ಟಗೌರಿ ಓಡಿಬಂದು ತಾನೂ ಬರುತ್ತೇನೆ, ತನ್ನ ಕೈಗೆ ಹಗುರವಾದದ್ದು ಮಗುವಿನ ಕೈಗೂ ಹಗುರವಾಗುತ್ತದೆ ಎಂದರು. ಚಿಕ್ಕಮ್ಮನೂ ಬರಬೇಕು ಎಂದು ಕುಮುದ ಹಟ ಹಿಡಿದಳು. ಚಿಕ್ಕಮ್ಮ ಎಂದರೆ ನಾನು. ಅವಳು ಹಾಗೆ ಕರೆದಾಗಲೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತದೆ, ಹೊಸ ಸೀರೆ ಉಟ್ಟು ಹೊರಟೆ.

ಬುಡೇನ್ ಸಾಬರ ಕೋವಿ ಅಂಗಡಿ ಕ್ಲಬ್ಬಿನ ಗೇಟಿಗೆ ಅಂಟಿಕೊಂಡೇ ಇದೆ. ಹಿಂದಿನ ಬಾಗಿಲು ತೆಗೆದರೆ ಗುರಿ ಮೈದಾನ, ಹಾಗಾಗಿ ಅಲ್ಲೇ ಹೊಡೆದು ನೋಡಿ ಕೊಳ್ಳಬಹುದು. ಸಾಬರು ಮದರಂಗಿ ಹಚ್ಚಿದ ಗಡ್ಡದ, ನಗುಮುಖದ ಮುದುಕರು. ಜೀವಮಾನವೆಲ್ಲ ಗುಂಡಿನ ಸದ್ದು ಕೇಳಿ ಕೇಳಿ ಅವರ ಕಿವಿ ಮಂದವಾಗಿದೆ. ಅವರ ಅಂಗಡಿಯಲ್ಲಿ ಏನು ಹೇಳುವುದಿದ್ದರೂ ಕಿರುಚಿ ಹೇಳಬೇಕು. ಹೊರಗೆ ಸೋಡಾ ಮಾರುವವನಿಗೂ ಒಳಗಿನ ವ್ಯಾಪಾರವೆಲ್ಲ ಗೊತ್ತಿರುತ್ತದೆ.

ಮೊದಲು ಸಾಬರು ನಮ್ಮನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಪಾಠ ಹೇಳಿದರು. ಕೊಳ್ಳುವವರು ಯಾರೇ ಆಗಲಿ, ಈ ಪಾಠ ತಪ್ಪುವುದಿಲ್ಲವಂತೆ. “ನೋಡವ್ವ, ಖಾಲಿ ಇದ್ರೂ ತುಂಬೈತೆ ಅಂತಲೇ ತಿಳ್ಕೋಬೇಕು. ಅದರ ಬಾಯಿ ಯಾವತ್ತೂ ಗುಡ್ಡದ ಕಡೆ. ಹೊಡೆಯೋ ಗಳಿಗೆ ತನಕ ಬೆರಳು ಕುದುರೆ ಮೇಲೆ ಹೋಗಂಗಿಲ್ಲ.” ಟ್ರಿಗರ್‌ಗೆ ಅವರು ಕುದುರೆ ಎನ್ನುತ್ತಾರೆ. ಪುಟ್ಟಗೌರಿಗೆ ಇದು ತಿಳಿಯದೆ ಕುದುರೆ ಎಲ್ಲಿದೆ ಎಂದು ಹಿಂದೆ ತಿರುಗಿ ನೋಡಿದರು. ಆಮೇಲೆ ಸಾಬರು ಕುಮುದಳ ಅಂಗೈ ಅಳತೆ ನೋಡಿದರು. ಪಿಸ್ತೂಲಿನ ಹಿಡಿ ಅಂಗೈ ತುಂಬಬೇಕು, ತೋರುಬೆರಳಿನ ತುದಿ ಕಷ್ಟಪಡದೆ ಕುದುರೆಗೆ ತಾಕಬೇಕು, ಮೊದಲ ಪಿಸ್ತೂಲಿಗೆ ಸಣ್ಣ ಗುಂಡೇ ಸರಿ, ದೊಡ್ಡದಾದರೆ ಒದೆತಕ್ಕೆ ಹೆದರಿ ಕೈ ಕೆಟ್ಟ ಅಭ್ಯಾಸ ಕಲಿಯುತ್ತದೆ ಎಂದೆಲ್ಲ ವಿವರಿಸಿದರು. ಇಷ್ಟೆಲ್ಲ ಹೇಳಿ ಕೊನೆಗೆ ನಮ್ಮೂರಿನವರೆಲ್ಲ ಹೇಳುವುದನ್ನೇ ಹೇಳಿದರು. ಇವೆಲ್ಲ ಸರಿಯಿರುವುದರಲ್ಲಿ ಹಗುರವಾದದ್ದನ್ನು ಆರಿಸಿಕೋ.

ಮೊದಲು ಬಂದ ಪಿಸ್ತೂಲು ಗಿಡ್ಡ ನಳಿಗೆಯದು, ಕಪ್ಪಗೆ ಮಿಂಚುತ್ತಿತ್ತು. ಕುಮುದಳ ಕೈಯಲ್ಲಿ ಅದು ವೀಳ್ಯದೆಲೆಯಷ್ಟು ಹಗುರವೆಂದು ಅವಳ ಮಣಿಕಟ್ಟು ನೋಡಿದರೇ ಗೊತ್ತಾಗುತ್ತಿತ್ತು. ಕೈ ಸೇರಿತು ಎಂದು ಪುಟ್ಟಗೌರಿ ಆಗಲೇ ಚಪ್ಪಾಳೆ ತಟ್ಟಿದರು. ಎಲ್ಲರೂ ಕಿವಿಗೆ ಮುಚ್ಚಳ ಹಾಕಿಕೊಂಡು ಮೈದಾನಕ್ಕೆ ಹೋದೆವು. ಕುಮುದ ಹೊಡೆದಳು. ಗುರಿಯ ಕಾಗದವನ್ನು ತಂದು ನೋಡಿದರೆ ತೂತುಗಳು ಮುಸುರೆ ತೊಳೆದ ನೀರು ಎರಚಿದಂತೆ ಎಲ್ಲೆಲ್ಲೋ ಬಿದ್ದಿದ್ದವು. ಒಂದು ಗುಂಡು ಕಾಗದದ ಆಚೆಯೇ ಹೋಗಿತ್ತು. ಸಾಬರು ಗಡ್ಡ ನೀವಿಕೊಂಡು, ಇದು ಇನ್ನೂ ಸ್ವಲ್ಪ ಭಾರವಾಯಿತೇನೋ ಎಂದು ಅದಕ್ಕಿಂತ ಹಗುರವಾದದ್ದನ್ನು ತಂದರು. ಅದು ಇನ್ನೂ ಕೆಟ್ಟದಾಗಿ ಹೊಡೆಯಿತು. ಮೂರನೆಯದನ್ನು ಹಿಡಿದಾಗ ಕುಮುದ ತಾನು ಏನಾದರೂ ಹಿಡಿದಿದ್ದೇನೆಯೋ ಇಲ್ಲವೋ ಎಂದು ಕೆಳಗೆ ನೋಡಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ಅದರ ಬಾಯಿ ಗಾಳಿಗೆ ಅಲ್ಲಾಡುವ ಗರಿಯಂತೆ ಅತ್ತಿತ್ತ ಹೋಗುತ್ತಿತ್ತು. ಸಾಬರು ತಕ್ಷಣ ಅವಳ ಕೈಯಿಂದ ಅದನ್ನು ತೆಗೆದುಕೊಂಡು ಗುಂಡು ಇಳಿಸಿ ಒಳಗಿಟ್ಟರು.

ಕುಮುದ ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿದಳು. ಆಯ್ಕೆ ಮುಂದಿನ ವಾರವೇ ಇತ್ತು. ಇಷ್ಟು ಒಳ್ಳೆಯ ಕಣ್ಣಿನ ಹುಡುಗಿಗೆ ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂತು. ಸೋಡಾ ತರಿಸಲೇ ಎಂದು ಕೇಳಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ಆಮೇಲೆ ಎದ್ದು ಸಾಬರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು.

“ಸಾಬ್ರೇ, ನಂಗೆ ಭಾರ ಆಗೋದು ಯಾವುದಾದ್ರೂ ಇದ್ರೆ ಕೊಡಿ.”

ಸಾಬರು ಬೆಚ್ಚಿಬಿದ್ದರು. ಭಾರವಾದದ್ದನ್ನು ಮನೆಗೆ ಯಾರಾದರೂ ಕೊಂಡೊಯ್ಯುತ್ತಾರೆಯೇ, ನಾಳೆ ಊರವರು ತನ್ನ ಅಂಗಡಿಯ ಬಗ್ಗೆ ಏನಂದಾರು ಎಂದು ಗೋಗರೆದರು. ಪುಟ್ಟಗೌರಿ ಕೆನ್ನೆಗೆ ಕೈ ಹಚ್ಚಿಕೊಂಡರು. ನನಗೂ ಸರಿ ಕಾಣಲಿಲ್ಲ. ಕೈಗೆ ಸೇರದ್ದನ್ನು ಕಟ್ಟಿಕೊಂಡು ಯಾಕೆ ಒದ್ದಾಡುತ್ತೀಯ, ಬಿಡು ಮಗಳೇ ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ಆಡಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಕುಮುದ ನನ್ನ ಮುಖವನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ. ಅವಳು ಮತ್ತೆ ಸಾಬರ ಕಡೆಗೆ ತಿರುಗಿದಳು.

“ನಮ್ಮ ಚಿಕ್ಕಮ್ಮಂಗೆ ನಾನು ಭಾರ ಸಾಬ್ರೇ.”

ಸಾಬರು ಕಿವಿಗೆ ಕೈ ಒಡ್ಡಿ ಏನಂದೆ ಎಂದು ಕೇಳಿದರು. ಅವಳು ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದಳು. ಹೊರಗೆ ಸೋಡಾ ಬಾಟಲಿಗಳ ಸದ್ದು ನಿಂತಿತು. ಇಷ್ಟು ವರ್ಷ ನಾನು ಗಂಡನಿಗೆ ಹೇಳದ, ದೇವರ ಮುಂದೆ ಕೂಡ ಬಾಯಿ ಬಿಟ್ಟು ಆಡದ ಮಾತು ಕೋವಿ ಅಂಗಡಿಯ ಗೋಡೆಗೋಡೆಗೂ ಬಡಿಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಲ್ಲ, ಸುಳ್ಳು ಎನ್ನಲು ಬಾಯಿ ತೆರೆದೆ.

ಕುಮುದ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನನ್ನ ಮುಖ ನೋಡುತ್ತಲೇ, ಸಾಬರಿಗೂ ಕೇಳಲಿ ಎಂದು ಕೂಗಿಯೇ ಮಾತಾಡಿದಳು.

“ಅತ್ತೆಗೆ ನಾನು ಹಗುರ. ಅದಕ್ಕೇ ಕಂಕುಳಲ್ಲಿ ಇಟ್ಕಂಡು ಬಳೆ ಅಂಗಡಿ ಮುಂದೆ ಮಾತಾಡ್ತಾ ಕೈ ಬಿಟ್ಬಿಟ್ರು. ಮೆಟ್ಲಿಂದ ಬಿದ್ದಿದ್ದು ನಂಗಿನ್ನೂ ನೆನಪೈತೆ. ಅಪ್ಪಂಗೂ ನಾನು ಹಗುರ, ಸಂತೇಲಿ ಎಲ್ಲಿಟ್ಟೆ ಅಂತ ಮರ್ತು ಮನೆಗೆ ಬಂದಿದ್ರು. ಚಿಕ್ಕಮ್ಮ ಒಂದು ದಿನ ನನ್ನ ಒಂದು ಕೈಲಿ ಎತ್ತಿಲ್ಲ. ನನ್ನ ಎತ್ಕಂಡು ಯಾರ ಜೊತೆಗೂ ಮಾತಾಡಿಲ್ಲ. ಹಗುರ ಇರೋದನ್ನ ಕೈ ಮರ್ತುಬಿಡ್ತದೆ ಸಾಬ್ರೇ. ಆ ಪಿಸ್ತೂಲು ಅಲ್ಲಾಡಿದ್ದು ಅದಕ್ಕೇ.”

ಪುಟ್ಟಗೌರಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆ ಹೆಂಗಸು ಕುಮುದಳ ಮೇಲೆ ಪ್ರಾಣವನ್ನೇ ಇಟ್ಟಿದ್ದವರು. ಇದನ್ನು ಇಡೀ ಬೀದಿಯಲ್ಲಿ ರಂಪ ಮಾಡುತ್ತಾರೆ ಎಂದುಕೊಂಡೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. “ಹೌದು ಕಣೇ” ಎಂದರು. “ಹಸಿರು ಬಳೆ ನೋಡ್ತಿದ್ದೆ. ಕಂಕುಳಲ್ಲಿ ಕೂಸೈತೆ ಅನ್ನೋದೇ ತಲೇಲಿ ಇರ್ಲಿಲ್ಲ. ನಿಮ್ಮ ಚಿಕ್ಕಮ್ಮನ ಕೈಲಿದ್ದಿದ್ರೆ ನೀನು ಬೀಳ್ತಿರ್ಲಿಲ್ಲ ಬಿಡು.” ಆಮೇಲೆ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ಹೊಸಿಲ ಮೇಲೆ ಕೈ ಚಾಚಿ ನಿಂತ ದಿನದಿಂದ ನಮ್ಮಿಬ್ಬರ ನಡುವೆ ಏನೋ ಒಂದು ಇರುಸುಮುರುಸು ಇತ್ತು. ಆ ಬೆಂಚಿನ ಮೇಲೆ ಅವರ ಭುಜ ನನ್ನ ಭುಜಕ್ಕೆ ತಾಕಿದಾಗ ಅದು ಇಲ್ಲವಾಯಿತು. ಆ ಹೆಂಗಸಿನ ದೊಡ್ಡ ಮನಸ್ಸಿಗೆ ನಾನು ಇವತ್ತಿಗೂ ಋಣಿ.

ಸಾಬರು ಒಳಗೆ ಹೋಗಿ ತುಂಬಾ ಹೊತ್ತು ಹುಡುಕಿದರು. ಕೊನೆಗೆ ಉದ್ದ ನಳಿಗೆಯ, ಮರದ ಹಿಡಿಯ ಒಂದು ಪಿಸ್ತೂಲು ಹಿಡಿದುಕೊಂಡು ಬಂದರು. ಇದನ್ನು ಹಿಡಿದು ನೋಡಿದವರೆಲ್ಲ ಕೆಳಗಿಟ್ಟು ಹೋಗಿದ್ದಾರೆ, ಒಳ್ಳೆಯ ಮಾಲು, ಯಾರ ಕೈಗೂ ಸೇರಲಿಲ್ಲ ಎಂದು ನಾಚಿಕೆಯಿಂದ ಹೇಳಿದರು. ತೆರೆದು, ಖಾಲಿ ಎಂದು ತೋರಿಸಿ, ಕುಮುದಳ ಕೈಗೆ ಕೊಟ್ಟರು. ಅವಳ ತೋಳು ಸರಕ್ಕನೆ ಇಳಿಯಿತು. ಹಲ್ಲು ಕಚ್ಚಿ ಮೇಲೆತ್ತಿದಳು. ಹಿಡಿ ಅಂಗೈ ತುಂಬಿತ್ತು, ಬೆರಳು ಕುದುರೆಗೆ ಸರಿಯಾಗಿ ತಾಕುತ್ತಿತ್ತು. ಬಾಕಿ ಎಲ್ಲ ಸರಿಯಿತ್ತು, ತೂಕವೊಂದೇ ನಮ್ಮೂರಿನ ಲೆಕ್ಕಕ್ಕೆ ತಪ್ಪು.

ಮೈದಾನದಲ್ಲಿ ಅವಳು ಗುರಿ ಹಿಡಿದು ನಿಂತದ್ದನ್ನು ನಾನು ಪಕ್ಕದಿಂದ ನೋಡಿದೆ. ತೋಳಿನ ಒಂದೊಂದು ನರವೂ ಅದರ ಕಡೆಗೇ ಗಮನ ಕೊಟ್ಟಂತಿತ್ತು. ನಳಿಗೆ ಅಲ್ಲಾಡಲಿಲ್ಲ. ಅವಳು ನಿಧಾನವಾಗಿ ಉಸಿರು ಎಳೆದುಕೊಂಡಳು, ಅರ್ಧ ಬಿಟ್ಟಳು, ಉಳಿದದ್ದನ್ನು ಎದೆಯಲ್ಲೇ ಹಿಡಿದಳು. ಗುಂಡು ಹಾರಿತು. ಮತ್ತೆ ಉಸಿರು, ಮತ್ತೆ ಗುಂಡು. ಪ್ರತಿ ಸಲ ಹೊಡೆದಾದ ಮೇಲೆ ಕೈ ಇಳಿಸಿ, ದಣಿವಾರಿಸಿಕೊಂಡು ಮತ್ತೆ ಎತ್ತುತ್ತಿದ್ದಳು. ಯಾರೂ ಅವಸರ ಮಾಡಲಿಲ್ಲ. ಸಾಬರು ಕಾಗದ ತಂದು ಬೆಳಕಿಗೆ ಹಿಡಿದರು. ತೂತುಗಳೆಲ್ಲ ನಡುವಿನ ಕಪ್ಪು ವೃತ್ತದ ಒಳಗೇ ಒಂದಕ್ಕೊಂದು ಒತ್ತಿಕೊಂಡಿದ್ದವು. ಸಾಬರು ಆ ಪಿಸ್ತೂಲನ್ನು ಒರೆಸಿ ಅದರ ಪೆಟ್ಟಿಗೆಗೆ ಹಾಕಲು ಬಟ್ಟೆ ತೆಗೆದುಕೊಂಡರು. ಕಣ್ಣು ಒರೆಸಿಕೊಂಡದ್ದೂ ಅದೇ ಬಟ್ಟೆಯಿಂದ. ಅವರ ಬೇಗಂ ಮದುವೆಯಾದ ದಿನದಿಂದ ಅವರ ಕೈಗೆ ಭಾರವಂತೆ, ಆಮೇಲೆ ಒಂದು ದಿನ ನನಗೆ ಹೇಳಿದರು. ಯಾರೂ ಕೇಳದಿದ್ದರೂ ಹೇಳಿದರು.

ಪೆಟ್ಟಿಗೆ ಕಟ್ಟುವಷ್ಟರಲ್ಲಿ ನಾನು ಕುಮುದಳನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋಗಿ, ನೀನು ನನಗೆ ಭಾರ ಅಂತ ನಿನಗೆ ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಲಿಲ್ಲವಂತೆ. ತಿಳಿದಾಗ ಬೇಜಾರಾಗಲಿಲ್ಲವೇ ಎಂದೆ. ಅವಳು ಸಣ್ಣವಳಿದ್ದಾಗ ನಗುತ್ತಿದ್ದ ಹಾಗೆಯೇ ನಕ್ಕಳು.

“ನೀನು ನನ್ನ ಎತ್ತೋವಾಗ ಉಸಿರು ಹಿಡ್ಕತಿದ್ದೆ ಚಿಕ್ಕಮ್ಮ. ನನ್ನ ಕಿವಿ ನಿನ್ನ ಎದೆ ಮೇಲೇ ಇರ್ತಿತ್ತಲ್ಲ, ಗೊತ್ತಾಗದೇ ಇರ್ತದಾ? ಕೆಳಗಿಳಿಸೋ ತನಕ ಬಿಡ್ತಿರ್ಲಿಲ್ಲ. ಎಲ್ರೂ ಕೈಲಿ ಎತ್ಕತಾರೆ, ನಮ್ಮ ಚಿಕ್ಕಮ್ಮ ಉಸಿರಲ್ಲಿ ಎತ್ಕತಾಳೆ ಅಂದ್ಕಂಡಿದ್ದೆ. ಕ್ಲಬ್ಬಿಗೆ ಸೇರಿದ ದಿನ ಉಸಿರು ಹಿಡಿಯೋದು ಯಾರು ಕಲಿಸಿದ್ರು ಅಂತ ಗುರುಗಳು ಕೇಳಿದ್ರು. ಮನೇಲಿ ಅಂದೆ.”

ಉಸಿರು ಹಿಡಿಯುತ್ತಿದ್ದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನಗು ಚೆನ್ನಾಗಿ ಬಂತು ಎಂದುಕೊಂಡು ಬೀಗುತ್ತಿದ್ದೆ, ಎದೆಯ ಮೇಲೆ ಕಿವಿಯಿಟ್ಟ ಕೂಸು ಒಳಗಿನದನ್ನೆಲ್ಲ ಕೇಳಿಸಿಕೊಂಡಿತ್ತು. ಕೇಳಿಸಿಕೊಂಡೂ ನನ್ನ ಕೊರಳು ಬಿಟ್ಟಿರಲಿಲ್ಲ. ನಾನು ಅವಳನ್ನು ಸಾಕಿದೆ ಎಂದು ಊರು ಹೇಳುತ್ತದೆ. ನನ್ನ ಭಾರವನ್ನು ಅಷ್ಟು ವರ್ಷ ಗುಟ್ಟಾಗಿ ಹೊತ್ತವಳು ಅವಳು. ಆ ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ, ಸೋಡಾ ಮಾರುವವನು ನೋಡುತ್ತಾನೆ ಎಂದು ಕೂಡ ನೋಡಲಿಲ್ಲ. ನನಗೆ ಸಿಕ್ಕಿದ ಈ ಹುಡುಗಿಗಾಗಿ, ಅವಳನ್ನು ಹೆತ್ತು ಹೋದ ಆ ತಾಯಿಗಾಗಿ, ಯಾರ ಕೈಗೂ ಸೇರದೆ ಅವಳಿಗಾಗಿ ಕಾದಿದ್ದ ಆ ಕಬ್ಬಿಣಕ್ಕಾಗಿ ಕೈ ಮುಗಿದೆ.

ಆಯ್ಕೆಯ ದಿನ ಮೈದಾನದ ಹಗ್ಗದ ಈಚೆ ನಾವೆಲ್ಲ ಸಾಲಾಗಿ ಕೂತಿದ್ದೆವು. ಸಾಬರು ಅಂಗಡಿ ಮುಚ್ಚಿ ಬಂದಿದ್ದರು. ಮೇಸ್ತ್ರಿಗಳು ಮಂಡಿಗೆ ರಜೆ ಹಾಕಿದ್ದರು. ವಿಷಯ ತಿಳಿದ ದಿನ ಅವರು ರಾತ್ರಿ ಊಟಕ್ಕೆ ಕೂತು ನನ್ನನ್ನು ತುಂಬಾ ಹೊತ್ತು ನೋಡಿ, ಇಷ್ಟು ವರ್ಷ ಮುಖ ಓದಿದ್ದೇ ಸುಳ್ಳಾಯಿತಲ್ಲ ಎಂದಷ್ಟೇ ಹೇಳಿದ್ದರು. ಬೇರೆ ಹುಡುಗ ಹುಡುಗಿಯರೆಲ್ಲ ಹಗುರವಾದ ಪಿಸ್ತೂಲು ಹಿಡಿದು ಸಲೀಸಾಗಿ ನಿಂತಿದ್ದರು. ನಮ್ಮವಳೊಬ್ಬಳೇ ಪ್ರತಿ ಗುಂಡಿಗೂ ಬೆವರುತ್ತಿದ್ದಳು. ಕೊನೆಯ ಸುತ್ತಿನ ಹೊತ್ತಿಗೆ ಅವಳು ಮುಂದಿದ್ದಾಳೆ ಎಂದು ಪುಟ್ಟಗೌರಿ ನನ್ನ ತೊಡೆ ಚಿವುಟಿ ಹೇಳಿದರು. ಅದು ನನ್ನ ತಲೆಗೇ ಹೋಗಲಿಲ್ಲ. ಕುಮುದ ಕೊನೆಯ ಸಲ ತೋಳೆತ್ತಿದಳು. ಗುಂಡು ಹಾರಿತು. ಅವಳು ಪಿಸ್ತೂಲಿನ ಗುಂಡು ಇಳಿಸಿ, ಅದರ ಬಾಯಿಯನ್ನು ಗುಡ್ಡದ ಕಡೆಗೇ ಇಟ್ಟು ಮೇಜಿನ ಮೇಲೆ ಮಲಗಿಸಿದಳು. ಕಿವಿಯ ಮುಚ್ಚಳ ತೆಗೆದಳು. ಗುರಿಯ ಕಾಗದದ ಕಡೆಗೆ ನೋಡಲೂ ಇಲ್ಲ. ನನ್ನ ಕಡೆಗೆ ತಿರುಗಿ, ಅಷ್ಟು ಜನರ ನಡುವೆ ಗಟ್ಟಿಯಾಗಿ ಹೇಳಿದಳು.

“ಮುಗೀತು ಚಿಕ್ಕಮ್ಮ. ಇನ್ನು ಉಸಿರು ಬಿಡು.”